ದೇವೀರಮ್ಮನ ಸಟ್ಟುಗ

ದೋಸೆ ಮಗುಚುವ ಸಟ್ಟುಗದಲ್ಲಿ ಮನುಷ್ಯರ ಮುಖ ಕೆರೆದು ಹಾಕುತ್ತಿದ್ದ ಹೆಂಗಸನ್ನು ನನ್ನ ಆಯುಷ್ಯದಲ್ಲಿ ಒಬ್ಬಳನ್ನೇ ಕಂಡಿದ್ದೇನೆ. ಹೊಳೆನರಸೀಪುರದ ದೇವೀರಮ್ಮ. ಸಟ್ಟುಗದ ಅಂಚನ್ನು ಹಿತ್ತಲ ಬಾಗಿಲ ಕಲ್ಲಿಗೆ ಉಜ್ಜಿ ಉಜ್ಜಿ ಹರಿತ ಮಾಡಿಟ್ಟುಕೊಂಡಿದ್ದಳು. ನೀವು ಎರಡು ತಿಂಗಳು ಕೂತು ಬರೆದ ಎಣ್ಣೆಬಣ್ಣದ ಚಿತ್ರದ ಪಕ್ಕ ಬಂದು ನಿಲ್ಲುವಳು. ಬಾಯಲ್ಲಿದ್ದ ಎಲೆಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ತಳ್ಳುವಳು. ಆಮೇಲೆ ಹಣೆಯಿಂದ ಗದ್ದದವರೆಗೆ ಒಂದೇ ಎಳೆತ. ಸಟ್ಟುಗಕ್ಕೆ ಮೆತ್ತಿದ ಬಣ್ಣವನ್ನು ಹಳೆ ಪೇಪರಿಗೆ ಒರೆಸಿ, "ಮತ್ತೆ ಬರಿ" ಎಂದು ಒಳಗೆ ಹೋಗಿಬಿಡುವಳು. ನನ್ನ ಎರಡು ತಿಂಗಳು ಆ ಪೇಪರಿನ ಮೇಲೆ ಒಂದು ಹಿಡಿ ಕೆಸರಾಗಿ ಕೂತಿರುತ್ತಿತ್ತು.

ಎದುರಿಗೆ ನಾನು ಅವಳನ್ನು 'ಅಮ್ಮ' ಎನ್ನುತ್ತಿದ್ದೆ, 'ನೀವು' ಎನ್ನುತ್ತಿದ್ದೆ. ಮನಸ್ಸಿನಲ್ಲಿ ಒಂದು ದಿನವೂ ಬಹುವಚನ ಬರಲಿಲ್ಲ. ಇಲ್ಲಿ ಮನಸ್ಸಿನಲ್ಲಿದ್ದ ಹಾಗೆಯೇ ಬರೆಯುತ್ತಿದ್ದೇನೆ. ಅವಳು ಹೋಗಿ ವರ್ಷ ತುಂಬುತ್ತಾ ಬಂತು. "ಸತ್ತೋರ್ ಮ್ಯಾಲೆ ಏನ್ ಸಿಟ್ಟು, ಬುಡು" ಎಂದು ಅಣ್ಣ ಹೇಳುತ್ತಾನೆ. ಬಿಡಲು ಆಗಿಲ್ಲ.

ನಾನು ಹಾಸನದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಸೊನ್ನೆ ಬಿಟ್ಟರೆ ಬೇರೇನನ್ನೂ ದುಂಡಗೆ ಬರೆಯಲು ಬಾರದವಳು. ಅಂಥವಳು ನಲವತ್ತರ ಹತ್ತಿರ ಬಂದು ಬ್ರಷ್ ಹಿಡಿದದ್ದು ಅವ್ವನಿಗಾಗಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಕೆಲವು ತಿಂಗಳು ಮಲ್ಲಿಪಟ್ಟಣದಲ್ಲಿ ಅಣ್ಣನ ಮನೆಯಲ್ಲಿ, ಕೆಲವು ತಿಂಗಳು ಸಾಲಗಾಮೆ ರಸ್ತೆಯ ನನ್ನ ಮನೆಯಲ್ಲಿ ಎಂದು ಇದ್ದಳು. ಎದೆನೋವು ಶುರುವಾದ ಮೇಲೆ ನನ್ನ ಹತ್ತಿರವೇ ಉಳಿದಳು. "ಜೋಪಾನವಾಗಿ ನೋಡಿಕೊಳ್ಳಿ" ಎಂದು ಡಾಕ್ಟರು ಹೇಳಿದ ದಿನ ಮನೆಗೆ ಬಂದು ಅವ್ವನ ಫೋಟೋ ಹುಡುಕಿದೆ. ಇರಲಿಲ್ಲ. ಕ್ಯಾಮೆರಾ ಕಂಡರೆ ಅವ್ವ ತಿರುಗಿ ನಿಲ್ಲುತ್ತಿದ್ದಳು. ಅಣ್ಣನ ಮದುವೆಯ ಆಲ್ಬಮ್ಮಿನಲ್ಲಿ ಒಂದು ಕಡೆ ಅವಳ ಬೆನ್ನಿದೆ, ಇನ್ನೊಂದು ಕಡೆ ಕಂಬದ ಹಿಂದೆ ಸೆರಗಿದೆ, ಮತ್ತೊಂದು ಕಡೆ ಬೀಗರ ಪೇಟದ ಮೇಲೆ ನಾಲ್ಕು ಬೆರಳಷ್ಟು ಹಣೆಯಿದೆ. ನಾನು ಮೊಬೈಲ್ ಎತ್ತಿದರೆ ಮೊರವನ್ನೇ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು. "ನನ್ ಮಖ ಏನ್ ನೋಡೀಯೆ, ಓಗು, ಓಗಿ ನಿನ್ ಕೆಲ್ಸ ನೋಡು."

ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದರಲ್ಲಿ ಅವ್ವ ಎರಡೂ ಕಣ್ಣು ಕಿಸಿದು, ಯಾರೋ ಗದರಿದ ಹಾಗೆ ನೋಡುತ್ತಾಳೆ. ಅದು ಅವ್ವ ಅಲ್ಲವೇ ಅಲ್ಲ. ಚಿಕ್ಕಂದಿನಲ್ಲಿ ಹಸುವಿನ ಕೋಡು ತಗುಲಿ ಅವ್ವನ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು. ನಗು ಬಂದರೆ ಮೊದಲು ಆ ಕಣ್ಣು ಮುಚ್ಚುತ್ತಿತ್ತು, ಬಾಯಿ ಆಮೇಲೆ ನಗುತ್ತಿತ್ತು. ನಮಗೆಲ್ಲ ಅದೇ ಅವ್ವ. ಆ ಕಣ್ಣನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂದು ನನಗೆ ಹಟ ಬಂತು. ಕ್ಯಾಮೆರಾಕ್ಕೆ ಹೆದರುವವಳು ಕಾಗದ ಪೆನ್ಸಿಲ್ಲಿಗೆ ಹೆದರುತ್ತಿರಲಿಲ್ಲ. ನಾನೇ ಬರೆದರೆ ಕೂರುತ್ತಾಳೆ. ಹಾಗಾಗಿ ಕಲಿಯಬೇಕಾಯಿತು. ಯಾರೋ ದೇವೀರಮ್ಮನ ಹೆಸರು ಹೇಳಿದರು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ದೇವೀರಮ್ಮನನ್ನು ಊರು ಕರೆಯುತ್ತಿದ್ದದ್ದು 'ಪಟದ ದೇವೀರಮ್ಮ' ಎಂದು. ಗಂಡ ಅಂಗಡಿ ಬೋರ್ಡು, ನಾಟಕದ ಪರದೆ ಬರೆಯುತ್ತಿದ್ದವನು. ಅವನಿಗೆ ಬಣ್ಣ ಕಲೆಸಿ ಕೊಡುತ್ತಾ ಕೊಡುತ್ತಾ ಇವಳು ಕಲಿತಳು. ಅವನು ಹೋದ ಮೇಲೆ ಸತ್ತವರ ಮುಖಗಳನ್ನು ಹಿಡಿದಳು. ನಮ್ಮ ಕಡೆ ಹನ್ನೊಂದನೆಯ ದಿನದ ತಿಥಿಗೆ ಸತ್ತವರ ಪಟ ಇಟ್ಟು ಹಾರ ಹಾಕಬೇಕು. ಅನುಕೂಲಸ್ಥರ ಮನೆಯವರಿಗೆ ಫೋಟೋ ಸಾಲದು, ಕೈಯಲ್ಲಿ ಬರೆದ ಎಣ್ಣೆಬಣ್ಣದ ಪಟವೇ ಆಗಬೇಕು. ಅರಕಲಗೂಡು, ಚನ್ನರಾಯಪಟ್ಟಣದಿಂದೆಲ್ಲ ಬರುತ್ತಿದ್ದರು. ಕೈಯಲ್ಲಿ ಒಂದು ಆಧಾರ್ ಕಾರ್ಡು, ಇಲ್ಲದಿದ್ದರೆ ಮದುವೆಯ ಗುಂಪು ಫೋಟೋ. "ಈ ಕೊನೇಲಿ ನಿಂತವ್ರಲ್ಲ, ಅವ್ರೇ ನಮ್ಮಪ್ಪ. ಅರ್ಧ ಮಖ ಅಷ್ಟೇ ಕಾಣಾದು, ಮಿಕ್ಕಿದ್ದು ನೀವೇ ಏನಾದ್ರೂ ಮಾಡಿ." ಬದುಕಿರುವಾಗ ಅಂಗಿ ಹಾಕದವನಿಗೆ ಕೋಟು ತೊಡಿಸಬೇಕು, ಸರ ಇಲ್ಲದವಳಿಗೆ ಸರ ಹಾಕಬೇಕು. ಎಲ್ಲಕ್ಕೂ ದೇವೀರಮ್ಮ ತಲೆ ಆಡಿಸುವಳು. ಹನ್ನೊಂದು ದಿನದಲ್ಲಿ ಎಣ್ಣೆಬಣ್ಣ ಎಲ್ಲಿ ಒಣಗುತ್ತದೆ? ಅರ್ಧ ಹಸಿ ಇರುವಾಗಲೇ ಪಟ ಹೋಗುತ್ತಿತ್ತು. ಹಾಕಿದ ಹಾರದ ಎಸಳು ಸತ್ತವರ ಹೆಗಲಿಗೆ ಅಂಟಿಕೊಂಡು ಅಲ್ಲೇ ಒಣಗುತ್ತಿತ್ತು. ಅವಳ ಪಟ ಹೌದೋ ಅಲ್ಲವೋ ಎಂದು ತಿಳಿಯಲು ಹೆಗಲ ಮೇಲೆ ಸೇವಂತಿಗೆಯ ಎಸಳು ಹುಡುಕಿದರೆ ಸಾಕು ಎಂದು ಜನ ನಗುತ್ತಿದ್ದರು. ಅವಳಿಗೆ ನಗು ಬರುತ್ತಿರಲಿಲ್ಲ.

ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ಕೆಲ್ಸ?"

"ಟೀಚರು. ನಮ್ಮವ್ವನ ಮುಖ ಬರೀಬೇಕು ಅಂತ."

"ಸತ್ತೈತಾ?"

"ಇಲ್ಲ, ಇದ್ದಾರೆ."

"ಇದ್ರೆ ಯಾಕ್ ಬರೀತೀಯ, ನೋಡ್ಕೊಂಡಿರು." ಅಷ್ಟು ಹೇಳಿ ಗೋಡೆಯ ಕಡೆ ಕೈ ತೋರಿಸಿದಳು. "ಮೊದ್ಲು ದೊಡ್ಡವ್ವನ್ನ ಬರಿ. ದೊಡ್ಡವ್ವ ಸರ್ಯಾಗ್ ಬರೋಗಂಟ ಯಾರ್ ಮಖಾನೂ ಮುಟ್ಟಂಗಿಲ್ಲ."

ದೊಡ್ಡವ್ವ ಎಂದರೆ ಗಾಜು ಹಾಕಿಸಿದ ಒಂದು ಹಳೆ ಕ್ಯಾಲೆಂಡರಿನ ಚಿತ್ರ. ನೂರಾರು ವರ್ಷ ಹಿಂದೆ ಯುರೋಪಿನ ಯಾರೋ ದೊಡ್ಡ ಚಿತ್ರಕಾರ ಬರೆದ ಒಬ್ಬ ಮುದುಕಿ. ತಲೆಗೆ ಬಟ್ಟೆಯ ಟೋಪಿ, ಕತ್ತಲೆಯಂಥ ಉಡುಪು, ತೊಡೆಯ ಮೇಲೆ ಒಂದರೊಳಗೊಂದು ಸೇರಿಸಿಟ್ಟ ಎರಡು ಕೈ, ಎಡಗೈಯ ಹೆಬ್ಬೆರಳು ಒಳಗೆ ಅಡಗಿದೆ. ಗಂಡ ಅದನ್ನು ಮೈಸೂರಿನ ರದ್ದಿ ಅಂಗಡಿಯಿಂದ ತಂದಿದ್ದನಂತೆ. ಆ ಮುದುಕಿ ಯಾರು, ಬರೆದವನು ಯಾರು, ದೇವೀರಮ್ಮನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವಳು ಕಲಿತದ್ದು ಈ ಒಂದು ಚಿತ್ರವನ್ನು ನಕಲು ಮಾಡಿ ಮಾಡಿ. ಎಷ್ಟು ಸಲ ಎಂದು ಕೇಳಿದರೆ, "ಮಗ ಹುಟ್ಟೋಕ್ ಮುಂಚೆ ಶುರು ಮಾಡ್ದೆ, ಅವ್ನು ಸ್ಕೂಲ್‌ಗೋಗೋ ಹೊತ್ಗೆ ಮಖ ಬಂತು" ಎನ್ನುವಳು.

ನಾನು ಎರಡು ವರ್ಷ ಪ್ರತಿ ಭಾನುವಾರ ಆ ಮುದುಕಿಯ ಮುಂದೆ ಕೂತೆ. ಮೊದಲು ಚೌಕ ಚೌಕವಾಗಿ ಗೆರೆ ಎಳೆದು ಅಳತೆ ಇಳಿಸಬೇಕು. ಆಮೇಲೆ ಕಂದು ಬಣ್ಣ ತೆಳ್ಳಗೆ ಮಾಡಿ ನೆರಳುಗಳನ್ನಷ್ಟೇ ಇಡಬೇಕು. ಅದು ಒಣಗಿದ ಮೇಲೆ ಮೈಬಣ್ಣ, ಕೊನೆಗೆ ಬೆಳಕು. ಯಾವ ಹಂತದಲ್ಲಿ ಬೇಕಾದರೂ ಸಟ್ಟುಗ ಬರಬಹುದು. "ಮಖ ಬರೀಬ್ಯಾಡ ಕಣಮ್ಮಿ, ನೆಳ್ಳು ಬರಿ. ಮಖ ಎಲ್ಲಿಗೋಗ್ತದೆ, ತಾನಾಗೇ ಬತ್ತದೆ." ಬಿಳಿ ಸ್ವಲ್ಪ ಜಾಸ್ತಿಯಾದರೆ, "ಗೋಡೆಗ್ ಸುಣ್ಣ ಬಳ್ಯಾಕ್ ಬಂದ್ಯಾ, ಟೀಚ್ರಮ್ಮ?" ಕೈ ಸ್ವಲ್ಪ ದಪ್ಪವಾದರೆ, "ಇದೇನ್ ಕೈಯಾ, ಬದ್ನೇಕಾಯಾ?" ಇಪ್ಪತ್ತು ವರ್ಷ ಮಕ್ಕಳ ನೋಟ್‌ಬುಕ್ಕಿನಲ್ಲಿ ತಪ್ಪಿನ ಗುರುತು ಹಾಕಿದವಳು ನಾನು. ಆ ಎರಡು ವರ್ಷ ನನಗೆ ಅದನ್ನೆಲ್ಲ ಬಡ್ಡಿ ಸಮೇತ ವಾಪಸು ಕೊಟ್ಟಂತಾಯಿತು.

ನನಗೆ ಮೈ ಉರಿಯುತ್ತಿದ್ದದ್ದು ಬೈಗುಳಕ್ಕಲ್ಲ, ಕನ್ನಡಿಗೆ. ಗಂಡ ಗಡ್ಡ ಹೆರೆಯುತ್ತಿದ್ದ ಕನ್ನಡಿಯನ್ನು ಅವಳು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಓರೆಯಾಗಿ ನೇತುಹಾಕಿದ್ದಳು. ಒಲೆಯ ಮುಂದೆ ನಿಂತರೆ ಮುಂದಿನ ಕೋಣೆಯಲ್ಲಿ ನಾನು ಬರೆಯುತ್ತಿದ್ದ ಕ್ಯಾನ್ವಾಸ್ ಅವಳಿಗೆ ಅದರಲ್ಲಿ ಕಾಣುತ್ತಿತ್ತು. ತಿರುಗುಮುರುಗಾಗಿ ನೋಡಿದರೆ ತಪ್ಪು ಬೇಗ ಸಿಗುತ್ತದೆ ಎಂಬುದು ಅವಳ ಲೆಕ್ಕ. "ನೇರ್ವಾಗ್ ನೋಡುದ್ರೆ ಕಣ್ಣು ಸಮಾಧಾನ ಮಾಡ್ಕತದೆ. ಕನ್ನಡೀಲಿ ನೋಡು, ಸುಳ್ಳು ಅಲ್ಲಿ ಕಾಣ್ತದೆ." ಹಾಗಾಗಿ ಅವಳು ನನ್ನ ಎದುರು ಕೂತು ಕಲಿಸಿದ್ದೇ ಇಲ್ಲ. ಸಾರು ಕುದಿಸುತ್ತಾ, ಸೊಪ್ಪು ಬಿಡಿಸುತ್ತಾ ಕನ್ನಡಿಯಲ್ಲಿ ನನ್ನ ಕೈ ಕಾಯುತ್ತಿದ್ದಳು. ನಾನೂ ಕನ್ನಡಿಯಲ್ಲಿ ಅವಳನ್ನು ಕಾಯುತ್ತಿದ್ದೆ. ಆ ತುಟಿ ಯಾವಾಗ ಬಿಗಿಯಾಗುತ್ತದೆ, ಆ ಹುಬ್ಬು ಯಾವಾಗ ಒಂದು ನೂಲು ಮೇಲಕ್ಕೆ ಹೋಗುತ್ತದೆ, ಮೂಗುಬೊಟ್ಟಿನ ಕಲ್ಲು ಯಾವಾಗ ಮಿಣುಕುತ್ತದೆ. ಕಲ್ಲು ಮಿಣುಕಿತು ಎಂದರೆ ತಲೆ ಅಲ್ಲಾಡಿಸಿದಳು ಎಂದು ಅರ್ಥ. ಸಟ್ಟುಗ ಹಿಡಿದು ಹೊರಟಳು ಎಂದು ಅರ್ಥ. ಪಕ್ಕಕ್ಕೆ ಬಂದು ನಿಂತಾಗ ನಾನು ತಲೆ ಎತ್ತುತ್ತಿರಲಿಲ್ಲ. ಅವಳ ಮುಖ ನೋಡಿದರೆ ಏನಾದರೂ ಅಂದುಬಿಡುತ್ತೇನೆ ಎಂಬ ಭಯ ನನಗೆ.

ಒಂದು ಸಲ ಸೇಡು ತೀರಿಸಿಕೊಳ್ಳುವ ಅವಕಾಶ ಸಿಕ್ಕಿತು ಎಂದುಕೊಂಡೆ. ದೊಡ್ಡವ್ವನ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿದೆ, ಸಿಕ್ಕಿತು. ಮ್ಯೂಸಿಯಮ್ಮಿನಲ್ಲಿರುವ ಅಸಲು ಚಿತ್ರ. ನೋಡಿ ನನಗೇ ದಿಗಿಲಾಯಿತು. ಟೋಪಿ ಹಾಲಿನಂತೆ ಬಿಳಿ, ಕೆನ್ನೆ ಕೆಂಪು, ಹಿಂದಿನ ಗೋಡೆ ತಿಳಿ ಬೂದು. ನಮ್ಮ ದೊಡ್ಡವ್ವ ಎಷ್ಟೋ ವರ್ಷ ಸೌದೆ ಒಲೆಯ ಹೊಗೆ ಕುಡಿದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದಳು. ದೇವೀರಮ್ಮ ಆ ಹೊಗೆಯ ಬಣ್ಣವನ್ನೇ ಮೈಬಣ್ಣ ಎಂದು ಕಲಿತು, ಎಷ್ಟೋ ಮನೆಗಳ ಸತ್ತವರಿಗೆಲ್ಲ ಅದನ್ನೇ ಬಳಿದಿದ್ದಳು. ಅಷ್ಟೇ ಅಲ್ಲ. ದೊಡ್ಡವ್ವನ ಎಡಗೆನ್ನೆಯಲ್ಲಿ ಒಂದು ಮಚ್ಚೆ ಇತ್ತು. ಅದನ್ನು ಸರಿಯಾದ ಜಾಗದಲ್ಲಿ ಇಡಲಿಲ್ಲ ಎಂದೇ ಒಂದು ಇಡೀ ನಕಲನ್ನು ಅವಳು ಕೆರೆದುಹಾಕಿದ್ದಳು. ಅಸಲಿನಲ್ಲಿ ಮಚ್ಚೆಯೇ ಇರಲಿಲ್ಲ. ಅದು ಗಾಜು ಹಾಕಿಸುವ ಮುಂಚೆ ಒಗ್ಗರಣೆ ಸಿಡಿದ ಕಲೆ.

ಮೊಬೈಲನ್ನು ಅವಳ ಮೂಗಿನ ಹತ್ತಿರ ಹಿಡಿದೆ. "ನೋಡಿ ಅಮ್ಮ, ನಿಮ್ಮ ದೊಡ್ಡವ್ವ."

ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದಳು. ಬೆರಳಿನಿಂದ ಆ ಕೆನ್ನೆಯನ್ನು ಒಂದು ಸಲ ಒರೆಸಿದಳು, ಚಿತ್ರ ಸರಿದು ಬೇರೇನೋ ಬಂತು. ಮೊಬೈಲು ವಾಪಸು ಕೊಟ್ಟಳು.

"ಇದ್ಯಾರೋ ಇವಳ್ ತಂಗಿ ಕಣ. ಸುಖವಾಗ್ ಬಾಳಿ ಸತ್ತವ್ಳೆ. ನೀನು ನಮ್ ದೊಡ್ಡವ್ವನ್ನ ಬರಿ."

ಆ ಭಾನುವಾರ ಮತ್ತೆ ಮಚ್ಚೆ ಬರೆದೆ.

ಇನ್ನೊಂದು ಸಲ ಶಾಲೆಯ ಮಕ್ಕಳ ಪ್ರವಾಸಕ್ಕೆ ಬೆಂಗಳೂರಿಗೆ ಹೋಗುವಾಗ ಹಿರೀಸಾವೆಯ ರಸ್ತೆಬದಿಯ ಹೋಟೆಲಿನಲ್ಲಿ ತಿಂಡಿಗೆ ಇಳಿದೆವು. ಗಲ್ಲಾದ ಮೇಲೆ ಹೋಟೆಲಿನ ಯಜಮಾನನ ಅಪ್ಪನ ಪಟ. ಗಿರಿಜಾ ಮೀಸೆ, ಜರಿ ಪೇಟ, ಕಂದು ಕೋಟು. ತೊಡೆಯ ಮೇಲೆ ದೊಡ್ಡವ್ವನ ಕೈ! ಎಡಗೈಯ ಹೆಬ್ಬೆರಳು ಒಳಗೆ. ಹೊಲ ಉತ್ತು, ಹೋಟೆಲು ಕಟ್ಟಿದ ಗಂಡಸಿಗೆ ಆ ವಿದೇಶಿ ಮುದುಕಿಯ ಮೆತ್ತನೆಯ ಕೈ. "ಕೈ ನಿಮ್ಮ ತಂದೆಯವರದ್ದೇನಾ?" ಎಂದು ಕೇಳಿಯೇಬಿಟ್ಟೆ. "ಊ ಕಣಮ್ಮ, ಅಪ್ಪಯ್ಯ ಇಂಗೇ ಕೂರ್ತಿತ್ತು" ಎಂದ ಆತ, ತಾನೂ ಹಾಗೆಯೇ ಕೈ ಸೇರಿಸಿ ಕೂತು ತೋರಿಸಿದ. ಅವತ್ತಿನಿಂದ ಯಾವ ಮನೆಗೆ ಹೋದರೂ ಮೊದಲು ಪಟದ ಕೈ ನೋಡುವ ಚಟ ಹತ್ತಿತು. ಅರಕಲಗೂಡಿನ ಪಟೇಲರ ಮನೆಯಲ್ಲಿ, ಚನ್ನರಾಯಪಟ್ಟಣದ ಅಕ್ಕಿ ಗಿರಣಿಯಲ್ಲಿ, ಎಲ್ಲ ಕಡೆ ಅದೇ ಎರಡು ಕೈ. ಮನೆಯವರೆಲ್ಲ ಅದು ತಮ್ಮ ಅಜ್ಜನದು, ತಮ್ಮ ಅತ್ತೆಯದು ಎಂದೇ ನಂಬಿದ್ದರು. ನನಗೆ ಆಗ ಭಯವಾಗತೊಡಗಿತು. ಈ ಹೆಂಗಸಿನ ಕೈಯಲ್ಲಿ ಕಲಿತರೆ ನನ್ನ ಅವ್ವನೂ ಹೀಗೇ ಆಗಿಬಿಡುತ್ತಾಳೆ.

ಆದ್ದರಿಂದ ಅವಳ ಮಾತು ಮೀರಿದೆ. ಸೊಗಡು ಅವರೆಕಾಯಿಯ ಕಾಲ. ಬೆಳಗಿನ ಬಿಸಿಲಿಗೆ ಅವ್ವ ಜಗಲಿಯಲ್ಲಿ ಮೊರ ಇಟ್ಟುಕೊಂಡು ಕಾಯಿ ಬಿಡಿಸುತ್ತಾ ಕೂರುವಳು. ನಾನು ಶಾಲೆಗೆ ಹೊರಡುವ ಮುಂಚೆ ಎದುರು ಕೂತು ಬರೆದೆ. ಹನ್ನೊಂದು ಬೆಳಗು. "ಏನೇ ಅದು, ಕಣ್ ಕಿಸ್ಕೊಂಡ್ ನೋಡ್ತೀಯ, ಸಾಲಗಾರನ್ ನೋಡ್ದಂಗೆ" ಎಂದು ಅವ್ವ ನಗುವಳು, ಎಡಗಣ್ಣು ಮುಚ್ಚುವಳು, ನಾನು ಅದನ್ನು ಹಿಡಿಯುವೆ. ಒಂಬತ್ತನೆಯ ದಿನ ಆ ರೆಪ್ಪೆ ಬಂತು. ಬಂದೇಬಿಟ್ಟಿತು. ಕ್ಯಾನ್ವಾಸಿನಿಂದ ಅವ್ವ ಒಂದೂವರೆ ಕಣ್ಣಲ್ಲಿ ನನ್ನನ್ನು ನೋಡುತ್ತಿದ್ದಳು. ನನಗೆ ಬ್ರಷ್ ಕೆಳಗಿಟ್ಟು ಅಳು ಬಂತು. ಬಾಯಿ ಮಾತ್ರ ಬರಲಿಲ್ಲ. ಮುಂದಿನ ಹಲ್ಲು ಹೋಗಿ ಅವ್ವನ ಬಾಯಿ ಒಳಗೆ ಕುಸಿದಿತ್ತು. ಅದನ್ನು ಹಾಗೇ ಬರೆಯಲು ಕೈ ಬರದೆ ಒಂದು ನಗು ಇಟ್ಟೆ. ಏನೋ ಸರಿಯಿಲ್ಲ ಎಂದು ನನಗೂ ಗೊತ್ತಿತ್ತು. ಬಾಯಿ ಸರಿ ಮಾಡುವುದನ್ನು ತೋರಿಸಿಕೊಡಲಿ ಎಂದು, ನನ್ನ ದಡ್ಡತನಕ್ಕೆ, ಹಸಿ ಕ್ಯಾನ್ವಾಸನ್ನು ಹಲಗೆಗೆ ಬಿಗಿದು ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೊಳೆನರಸೀಪುರಕ್ಕೆ ಒಯ್ದೆ.

ದೇವೀರಮ್ಮ ಸ್ಟ್ಯಾಂಡಿಗೆ ಏರಿಸು ಎಂದು ಸನ್ನೆ ಮಾಡಿದಳು. ಅಡುಗೆಮನೆಗೆ ಹೋಗಿ ಕನ್ನಡಿಯಲ್ಲಿ ನೋಡಿದಳು. ತುಂಬಾ ಹೊತ್ತು ನೋಡಿದಳು. ನಾನು ಹಿತ್ತಲಿಗೆ ಹೋಗಿ ಬಸ್ಸಿನ ಧೂಳಿನ ಮುಖ ತೊಳೆದು ಬಂದೆ. ಬರುವಷ್ಟರಲ್ಲಿ ಮುಗಿದಿತ್ತು. ಹಣೆಯಿಂದ ಗದ್ದದವರೆಗೆ. ಅವಳು ಸಟ್ಟುಗ ಒರೆಸುತ್ತಾ ನಿಂತಿದ್ದಳು.

"ಬಾಯಿ ಸುಳ್ಳು" ಎಂದಳು.

ನನ್ನ ಬಾಯಿಂದ ಏನು ಬಂತೋ ಈಗ ಜ್ಞಾಪಕವಿಲ್ಲ. ಕೂಗಿದೆ. ಅಷ್ಟು ವಯಸ್ಸಾದ ಹೆಂಗಸನ್ನು ಏಕವಚನದಲ್ಲಿ ಕೂಗಿದೆ ಎಂದು ಪಕ್ಕದ ಮನೆಯವರು ಆಮೇಲೆ ಆಡಿಕೊಂಡರಂತೆ. ಅವಳು ಕೂಗಲಿಲ್ಲ. "ಕೆರೆದ್ ಮ್ಯಾಲೆ ಕೈಯಾಗೆ ಏನ್ ಉಳೀತದೋ ಅದೇ ನೀನ್ ಕಲ್ತಿರಾದು. ಅವ್ವ ಮನೇಲಿ ಅವ್ಳಲ್ವಾ. ಮತ್ತೆ ಬರಿ" ಎಂದಳು. ಸಟ್ಟುಗ ಒರೆಸಿದ ಪೇಪರನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದಳು. ಅದರಲ್ಲಿ ಅವ್ವನ ಕಣ್ಣಿತ್ತು.

ಮತ್ತೆ ಬರೆಯಲು ಅವ್ವ ಇರಲಿಲ್ಲ. ಮುಂದಿನ ಭಾನುವಾರಕ್ಕೆ ಮುಂಚೆ ಎದೆನೋವು ಜಾಸ್ತಿಯಾಗಿ ಆಸ್ಪತ್ರೆ ಸೇರಿದಳು. ಅಲ್ಲಿ ಮುಖದ ತುಂಬಾ ಆಕ್ಸಿಜನ್ ಮಾಸ್ಕು. ಮೂರು ವಾರಕ್ಕೆ ಹೋದಳು. ಅಣ್ಣ ಮಲ್ಲಿಪಟ್ಟಣಕ್ಕೆ ಒಯ್ದು ಮಣ್ಣು ಮಾಡಿದ. ಅಲ್ಲಿಂದ ಬಂದ ಮಾರನೆಯ ದಿನವೇ ಕ್ಯಾನ್ವಾಸ್ ಹಿಡಿದು ಕೂತೆ. ಇನ್ನೂ ಕಣ್ಣಲ್ಲಿ ಅವ್ವ ಇದ್ದಳು, ತಡಮಾಡಿದರೆ ಹೋಗುತ್ತಾಳೆ ಎಂಬ ಗಾಬರಿ. ಬರೆದೆ. ಬಂದದ್ದು ದೊಡ್ಡವ್ವ. ಒರೆಸಿ ಮತ್ತೆ ಬರೆದೆ. ದೊಡ್ಡವ್ವ. ಅವ್ವನ ಸೆರಗು ಹೊದಿಸಿದರೂ ದೊಡ್ಡವ್ವ, ಹಣೆಗೆ ವಿಭೂತಿ ಇಟ್ಟರೂ ದೊಡ್ಡವ್ವ. ನನ್ನ ಕೈಗೆ ಆ ಒಂದು ಮುಖದ ದಾರಿ ಬಿಟ್ಟು ಬೇರೆ ದಾರಿಯೇ ತಿಳಿಯದಂತಾಗಿತ್ತು. ಎರಡು ವರ್ಷ ಅವಳು ನನಗೆ ಕಲಿಸಿದ್ದು ಇಷ್ಟು.

ತಿಥಿಗೆ ಮಲ್ಲಿಪಟ್ಟಣಕ್ಕೆ ಹೋದರೆ ಅಣ್ಣನ ಮನೆಯ ನಡುಮನೆಯಲ್ಲಿ ಅವ್ವನ ಪಟ. ನನಗೆ ಹೇಳದೆ, ನನಗೆ ಸಂತೋಷವಾಗಲಿ ಎಂದು, ಅಣ್ಣ ಆಧಾರ್ ಕಾರ್ಡು ಕೊಟ್ಟು ದೇವೀರಮ್ಮನಲ್ಲೇ ಬರೆಸಿದ್ದ. "ನಿನ್ ಗುರುಗಳ ಹತ್ರಾನೇ ಕೊಟ್ಟೆ ಕಣೆ" ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಹೊಗೆಯ ಮೈಬಣ್ಣ, ತೊಡೆಯ ಮೇಲೆ ದೊಡ್ಡವ್ವನ ಕೈ, ಹೆಗಲಿಗೆ ಆಗಲೇ ಒಂದು ಸೇವಂತಿಗೆಯ ಎಸಳು. ಬಾಯಿ ಆಧಾರ್ ಕಾರ್ಡಿನದು, ಕುಸಿದದ್ದು, ಮುಚ್ಚಿದ್ದು, ನಿಜವಾದದ್ದು. ಹತ್ತಿರ ಹೋಗಿ ಕಣ್ಣು ನೋಡಿದೆ. ಎಡರೆಪ್ಪೆ ಇಳಿದಿತ್ತು. ನಾನು ಇಳಿಸಿದ ಹಾಗೆಯೇ, ಅದೇ ಅಂದಾಜಿನಲ್ಲಿ, ಅಂಚಿನಲ್ಲಿ ನಾನಿಟ್ಟ ಅದೇ ಸಣ್ಣ ಬೆಳಕಿನೊಡನೆ. ಆಧಾರ್ ಕಾರ್ಡಿನಲ್ಲಿ ಅದು ಇಲ್ಲ. ದೇವೀರಮ್ಮ ಅವ್ವನನ್ನು ಒಂದು ದಿನವೂ ಕಂಡವಳಲ್ಲ. ಕೆರೆಯುವ ಮುಂಚೆ ಕನ್ನಡಿಯಲ್ಲಿ ನೋಡಿದ್ದಳಲ್ಲ, ಅಷ್ಟು ಹೊತ್ತು, ಆಗ ಎತ್ತಿಕೊಂಡಿದ್ದಳು.

ನೆಂಟರೆಲ್ಲ ಪಟದ ಮುಂದೆ ನಿಂತು ಅತ್ತರು. "ಅವ್ವನೇ ಬಂದ್ ಕುಂತಂಗೈತೆ" ಎಂದರು. ನನಗೆ ಅಳಲೂ ಆಗಲಿಲ್ಲ.

ಮುಂದಿನ ಭಾನುವಾರ ಹೋಗಿ ಅವಳ ಬಾಗಿಲಲ್ಲಿ ನಿಂತೆ. ಚಪ್ಪಲಿ ಬಿಡಲಿಲ್ಲ. ಅದೇ ಕೊನೆಯ ಭೇಟಿ. ಅವಳು ಬಣ್ಣದ ಬಟ್ಟಲು ತೊಳೆಯುತ್ತಿದ್ದಳು.

"ಆ ಕಣ್ಣು ನಂದು" ಎಂದೆ.

"ಊ, ನಿಂದೇ" ಎಂದಳು, ತಲೆ ಎತ್ತದೆ. "ಚೆಂದಾಗಿತ್ತು. ಅಂಥ ಕಣ್ಣು ನಂಗೂ ಬಂದಿರ್ನಿಲ್ಲ."

"ಚೆನ್ನಾಗಿತ್ತು ಅಂದ್ಮೇಲೆ ಯಾಕೆ ಕೆರೆದ್ರಿ? ಬಾಯಿ ಒಂದನ್ನೇ ಕೆರೀಬಹುದಿತ್ತಲ್ಲ?"

ಅವಳ ಕೈ ನಿಂತಿತು.

"ಅಂಗೆ ಬರಾಕಿಲ್ಲ ಕಣಮ್ಮಿ ನಂಗೆ" ಎಂದಳು. "ಒಳ್ಳೇದನ್ನ ಉಳ್ಸಿ ಕೆಟ್ಟುದ್ದನ್ನ ತೆಗ್ಯಾದು ನಂಗ್ಯಾರೂ ಯೋಳ್ಕೊಡ್ನಿಲ್ಲ. ನನ್ ಗಂಡ ನಂದೂ ಇಂಗೇ ಕೆರೀತಿದ್ದ."

"ನಮ್ಮವ್ವ ಸತ್ತೋದ್ರು" ಎಂದೆ.

"ಗೊತ್ತು. ಪಟ ನಾನೇ ಬರ್ದೆ."

ಕ್ಷಮಿಸು ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ. ನಾನು ತಿರುಗಿ ಬಂದೆ. ಬಸ್‌ಸ್ಟ್ಯಾಂಡಿನವರೆಗೂ ಅವಳನ್ನು ಬೈಯುತ್ತಾ ನಡೆದೆ.

ದಸರಾ ರಜೆಯಲ್ಲಿ ಅವಳ ಮಗ ಮಂಜುನಾಥ ಫೋನು ಮಾಡಿದ. ಅವನಿಗೆ ಚನ್ನರಾಯಪಟ್ಟಣದಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಆ ಅಂಗಡಿಗೆ ಅವಳು ಜನ್ಮದಲ್ಲಿ ಕಾಲಿಟ್ಟಿರಲಿಲ್ಲ. "ಅಕ್ಕಾ, ಅವ್ವ ಓಗ್ಬುಟ್ಳು. ಬೆಳಗ್ಗೆ ಒಲೆ ಮುಂದೇನೇ. ಶ್ರದ್ಧಾಂಜಲಿ ಫ್ಲೆಕ್ಸು ನಾನೇ ಆಕುಸ್ತೀನಿ. ಪಟ ಮಾತ್ರ ಕೈಯಾಗ್ ಬರ್ದಿದ್ದೇ ಆಗ್ಬೇಕು. ಬರ್ಯೋರು ಅಂತ ಈಗ ಇರಾದು ನೀವೊಬ್ರೇ." ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಆಮೇಲೆ ಅನಿಸಿತು, ಬರೆಯುತ್ತೇನೆ. ಅವಳಿಗೆ ಕೋಟು, ಸರ ಏನೂ ಹಾಕುವುದಿಲ್ಲ. ಇದ್ದದ್ದು ಇದ್ದಂತೆ ಬರೆಯುತ್ತೇನೆ. ಊರೆಲ್ಲ ನೋಡಲಿ.

ಅವಳ ಮನೆಯ ಮುಂದಿನ ಕೋಣೆಯಲ್ಲೇ, ಅವಳ ಬಣ್ಣದಲ್ಲೇ ಬರೆದೆ. ಮಂಜ ಆಧಾರ್ ಕಾರ್ಡು ತಂದುಕೊಟ್ಟ. ಅದನ್ನು ನೋಡುವ ಅಗತ್ಯವೇ ಬೀಳಲಿಲ್ಲ. ಕೈ ತಾನೇ ನಡೆಯಿತು. ಬಿಗಿದ ತುಟಿ, ಒಂದು ನೂಲು ಮೇಲೆ ಹೋದ ಹುಬ್ಬು, ಎಲೆಅಡಿಕೆಗೆ ಉಬ್ಬಿದ ಕೆನ್ನೆ, ಮಿಣುಕುವ ಮೂಗುಬೊಟ್ಟು. ಕೈಗಳನ್ನೂ ಅವಳವೇ ಬರೆದೆ, ಟರ್ಪೆಂಟೈನಿಗೆ ಬಿರಿದ ಗೆಣ್ಣುಗಳು, ಉಗುರಿನ ಸುತ್ತ ಕಂದು ಬಣ್ಣ. ಐದು ದಿನ. ದೊಡ್ಡವ್ವ ಎಲ್ಲಿಯೂ ಇಣುಕಲಿಲ್ಲ. ಒಂದೇ ಸಲಕ್ಕೆ ಆ ಹೆಂಗಸು ಸ್ಟ್ಯಾಂಡಿನ ಮೇಲೆ ಬಂದು ಕೂತಳು.

ಮಂಜ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ಹತ್ತಿರ ಬಂದು, ಸಂಕೋಚದಿಂದ, "ಅಕ್ಕಾ, ಮೂಗುಬೊಟ್ಟು ಎಡಕ್ಕೋಗ್ಬುಟ್ಟೈತಲ್ಲಾ. ಅವ್ವುಂದು ಬಲಕ್ಕಿತ್ತು" ಎಂದ.

ಹೌದು, ಎಡಕ್ಕಿತ್ತು. ಹುಬ್ಬೂ ತಪ್ಪು ಕಡೆ ಏರಿತ್ತು, ಕೆನ್ನೆಯೂ ತಪ್ಪು ಕಡೆ ಉಬ್ಬಿತ್ತು. ಎರಡು ವರ್ಷದಲ್ಲಿ ಒಂದು ದಿನವೂ ನಾನು ಅವಳ ಮುಖವನ್ನು ಎದುರಿನಿಂದ ದಿಟ್ಟಿಸಿ ನೋಡಿರಲಿಲ್ಲ. ಕನ್ನಡಿಯಲ್ಲೇ ನೋಡಿದ್ದೆ. "ಸರಿ ಮಾಡ್ತೀನಿ" ಎಂದೆ. "ಬ್ಯಾಡಿ, ಬುಡಿ. ಮಖ ಅವ್ವುಂದೇ. ಮುಟ್ಟುದ್ರೆ ಓಗ್ಬುಡ್ತದೆ" ಎಂದ ಮಂಜ, ಕಣ್ಣು ಒರೆಸಿಕೊಂಡು ಹಾರ ತರಲು ಹೋದ.

ಕೈ ತೊಳೆಯಲು ಒಳಗೆ ಹೋದೆ. ಆ ಅಡುಗೆಮನೆಯೊಳಗೆ ಅವಳು ನನ್ನನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಒಲೆಯ ಮುಂದೆ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ತಲೆ ಎತ್ತಿದೆ. ಕನ್ನಡಿಯಲ್ಲಿ ದೇವೀರಮ್ಮ ಇದ್ದಳು. ತಿರುಗುಮುರುಗಾದ ಪಟದಲ್ಲಿ ಮೂಗುಬೊಟ್ಟು ಬಲಕ್ಕೇ ಇತ್ತು. ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಕನ್ನಡಿಯಲ್ಲಿ ಕಾಣುತ್ತದೆ ಎಂದವಳು ಅವಳೇ. ಹುಡುಕಿದೆ. ಹಣೆಯಿಂದ ಗದ್ದದವರೆಗೆ ಹುಡುಕಿದೆ. ಒಂದು ಸುಳ್ಳೂ ಸಿಗಲಿಲ್ಲ.

ಆಗ ನನಗೆ ಅಳು ಬಂತು, ಅವಳಿಗಾಗಿ ಅಲ್ಲ. ಈ ಹೆಂಗಸನ್ನು ನಾನು ಎರಡು ವರ್ಷ, ಪ್ರತಿ ಭಾನುವಾರ, ರೆಪ್ಪೆ ಮಿಟುಕಿಸದೆ ದ್ವೇಷದಿಂದ ನೋಡಿದ್ದೆ. ಒಂದು ಗೆರೆಯನ್ನೂ ಬಿಡದೆ ನೋಡಿದ್ದೆ. ನಲವತ್ತು ವರ್ಷ ಜೊತೆಗಿದ್ದ ಅವ್ವನನ್ನು ಹಾಗೆ ನೋಡಿದ್ದು ಹನ್ನೊಂದು ಬೆಳಗು; ಅದರಲ್ಲೂ ಬಾಯಿಯನ್ನು ಪ್ರೀತಿಯಿಂದ ಸುಳ್ಳು ಬರೆದಿದ್ದೆ.

ಸಟ್ಟುಗ ಒಲೆಯ ಪಕ್ಕದ ಮೊಳೆಯಲ್ಲಿತ್ತು. ಮಂಜನನ್ನು ಕೇಳಿ ತೆಗೆದುಕೊಂಡು ಬಂದೆ. ದೇವೀರಮ್ಮನ ಮುಖ ಒಂದೇ ಸಲಕ್ಕೆ ಬಂತು. ಅವ್ವನ ಮುಖ ಇನ್ನೂ ಬಂದಿಲ್ಲ. ಮೊನ್ನೆ ಭಾನುವಾರವೂ ಕೆರೆದೆ.